ಅಮ್ಮನ ಕೋಣೆಯ ಪೈಪು

ಮೂರನೆಯ ಗೋಡೆಗೆ ನೀರು ಎರಚುತ್ತಿದ್ದಾಗ ಅವಳ ಹೆಬ್ಬೆರಳು ಏನಕ್ಕೋ ಎಡವಿತು. ಬಕೆಟ್ಟಿನ ನೀರು ತುಳುಕಿ ಉಟ್ಟ ಬಟ್ಟೆಯ ಅಂಚೆಲ್ಲ ಒದ್ದೆಯಾಯಿತು.

ಬೆಳಿಗ್ಗೆ ಆರೂವರೆ. ಒಲೆಯ ಮೇಲೆ ಕುಕ್ಕರ್ ಇಟ್ಟು, ಅದು ಮೂರು ಸಲ ಕೂಗುವಷ್ಟರಲ್ಲಿ ಹೊಸ ಗೋಡೆಗಳನ್ನೆಲ್ಲ ನೆನೆಸಿ ಬರುವುದು ನಾಲ್ಕು ವಾರಗಳಿಂದ ಅವಳ ಪಾಲಿಗೆ ಬಂದ ಕೆಲಸ. ಗಾರೆಯವರು ಬರುವುದು ಒಂಬತ್ತಕ್ಕೆ. ಅಷ್ಟರಲ್ಲಿ ಬಿಸಿಲೇರಿ ಗೋಡೆ ಒಣಗಿತೆಂದರೆ ಸಿಮೆಂಟು ಬಿರುಕು ಬಿಡುತ್ತದೆ. ಮನೆಯಲ್ಲಿ ಇದು ಗೊತ್ತಿದ್ದವಳು ಅವಳೊಬ್ಬಳೇ. ಗೊತ್ತಿದ್ದವರೇ ಮಾಡಬೇಕು ಎಂಬುದು ಆ ಮನೆಯ ಬರೆಯದ ಕಾನೂನು.

ಬಗ್ಗಿ ನೋಡಿದಳು. ಕೋಣೆಯ ನಟ್ಟನಡುವೆ, ಹೊಸದಾಗಿ ತುಂಬಿ ದಮ್ಮಸು ಮಾಡಿದ ಮಣ್ಣಿನಿಂದ ಗೇಣುದ್ದದ ಬಿಳಿ ಪೈಪೊಂದು ಎದ್ದು ನಿಂತಿತ್ತು. ಕಸ ಬೀಳದಿರಲೆಂದು ಅದರ ಬಾಯಿಗೆ ಸಿಮೆಂಟು ಚೀಲದ ಚೂರು ತುರುಕಿದ್ದರು. ಪಕ್ಕದಲ್ಲಿ ತೆಳ್ಳಗಿನದು ಇನ್ನೊಂದು. ನಿನ್ನೆ ಬೆಳಿಗ್ಗೆ ಇವು ಇರಲಿಲ್ಲ. ಅಲ್ಲಿ ಬರಬೇಕಾದದ್ದು ಅಮ್ಮನ ಮಂಚ.

"ಕುಕ್ಕರು ಐದನೇ ಸಲ ಕೂಗ್ತಾ ಇದೆ!" ಒಳಗಿನಿಂದ ಅತ್ತೆಯ ದನಿ. "ಗೋಡೆಗೆ ಸ್ನಾನ ಮಾಡಿಸಿದ್ದು ಸಾಕು, ಬಾರಮ್ಮ. ಬೇಳೆ ತಳ ಹಿಡಿದ್ರೆ ಗೋಡೆ ತಿನ್ನೋಕಾಗುತ್ತಾ?"

ಉಳಿದ ಗೋಡೆಗೆ ನಾಲ್ಕು ಮಗ್ಗು ನೀರು ಎರಚಿ ಒಳಗೆ ಹೋದಳು. ಮೇಸ್ತ್ರಿ ತಪ್ಪು ಮಾಡಿದ್ದಾನೆ ಎಂದುಕೊಂಡಳು. ಬಚ್ಚಲಿನ ಪೈಪನ್ನು ಮರೆತು ಇಲ್ಲಿ ಎತ್ತಿರಬೇಕು. ಕೆಲಸ ಹೆಚ್ಚಾದಾಗ ಇಂಥವು ಆಗುತ್ತಿರುತ್ತವೆ.

ಅವಳು ಇಪ್ಪತ್ತೆರಡು ವರ್ಷಗಳಿಂದ ಒಬ್ಬ ಆರ್ಕಿಟೆಕ್ಟ್ ಹತ್ತಿರ ನಕ್ಷೆ ಬರೆಯುವ ಕೆಲಸದಲ್ಲಿದ್ದಳು. ಮೊದಮೊದಲು ಹಲಗೆಯ ಮೇಲೆ ಪೆನ್ನಿನಿಂದ, ಈಗ ಕಂಪ್ಯೂಟರಿನಲ್ಲಿ. ಆದರೂ ಪರ್ಸಿನಲ್ಲಿ ಆರಿಂಚಿನ ಸ್ಕೇಲು ಇಲ್ಲದೆ ಹೊರಗೆ ಕಾಲಿಡುತ್ತಿರಲಿಲ್ಲ. ಗಾರೆಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಸ್ಕೇಲಕ್ಕ ಎಂದು. ಮನೆಯ ಪಕ್ಕದ ಖಾಲಿ ಜಾಗದಲ್ಲಿ ಕೆಳಗೊಂದು ಕೋಣೆ, ಮೇಲೊಂದು ಕೋಣೆ ಕಟ್ಟುವುದೆಂದು ತೀರ್ಮಾನವಾದಾಗ ನಕ್ಷೆಗೆ ಬೇರೆಯವರನ್ನು ಹುಡುಕುವ ಮಾತೇ ಇರಲಿಲ್ಲ. ಆರ್ಕಿಟೆಕ್ಟ್ ಸಾರ್ ಅಳತೆ ಹಾಕಿಕೊಟ್ಟರು, ಅವಳು ಬರೆದಳು. ಮೇಲಿನದು ಮಗಳಿಗೆ. ಕೆಳಗಿನದು ಅಮ್ಮನಿಗೆ.

ಅಮ್ಮ ಇದ್ದದ್ದು ತಮ್ಮನ ಮನೆಯಲ್ಲಿ, ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ. ಸೊಂಟದ ಮೂಳೆ ಮುರಿದು ಜೋಡಿಸಿದ ಮೇಲೆ ಎಂಟು ತಿಂಗಳಿಂದ ಮೆಟ್ಟಿಲಿಳಿದು ಕೆಳಗೆ ಬಂದಿರಲಿಲ್ಲ. ತಮ್ಮನಿಗೆ ವರ್ಗವಾಗಿತ್ತು. ಇನ್ನೆರಡು ತಿಂಗಳಿಗೆ ಅವನು ಆ ಮನೆ ಬಿಡಬೇಕು. ಅಷ್ಟರೊಳಗೆ ಈ ಕೋಣೆ ಮುಗಿದರೆ ಅಮ್ಮ ಇಲ್ಲಿಗೆ. ಇಲ್ಲವಾದರೆ ದುಡ್ಡು ಕೊಟ್ಟು ಬಿಡುವ ಯಾವುದಾದರೂ ವೃದ್ಧಾಶ್ರಮಕ್ಕೆ. ಅದಕ್ಕೇ ಅವಳು ಈ ಕೋಣೆಯನ್ನು ಅಮ್ಮನ ಮೈಯಳತೆಗೆ ಬರೆದಿದ್ದಳು. ವಾಕರ್ ಹಿಡಿದು ಬರುವಷ್ಟು ಅಗಲದ ಬಾಗಿಲು. ಹೊಸ್ತಿಲಿಲ್ಲದ ಬಚ್ಚಲು. ಮಲಗಿದಲ್ಲಿಂದಲೇ ರಸ್ತೆ ಕಾಣುವಂತೆ ತಗ್ಗಿನ ಕಿಟಕಿ. ಅದಕ್ಕಾಗಿ ಒಂದು ಶನಿವಾರ ಅಮ್ಮನನ್ನು ಮಲಗಿಸಿ, ಕಣ್ಣು ನೆಲದಿಂದ ಎಷ್ಟೆತ್ತರದಲ್ಲಿದೆ ಎಂದು ಟೇಪು ಹಿಡಿದು ಅಳೆದಿದ್ದಳು.

ಒಂಬತ್ತಕ್ಕೆ ಮೇಸ್ತ್ರಿ ಬರುವವರೆಗೆ ಕಾದಳು.

"ಮೇಸ್ತ್ರಿ, ಏನಿದು? ಮನೆ ನಡುವೆ ಗಿಡ ನೆಟ್ಟ ಹಾಗೆ ಪೈಪು ನೆಟ್ಟಿದ್ದೀರಲ್ಲ?"

ಮೇಸ್ತ್ರಿ ನಕ್ಕ. "ಡ್ರಾಯಿಂಗ್‌ನಲ್ಲಿ ಇದ್ದ ಹಾಗೆ ಹಾಕಿದ್ದೀನಿ ಸ್ಕೇಲಕ್ಕ. ನೀವೇ ಬರೆದು ನೀವೇ ಕೇಳಿದ್ರೆ ನಾನೇನು ಹೇಳಲಿ?"

"ಯಾವ ಡ್ರಾಯಿಂಗು? ತನ್ನಿ ನೋಡೋಣ."

ಸಿಮೆಂಟು ಚೀಲಗಳ ಸಂದಿಯಿಂದ ಮಡಚಿದ ಹಾಳೆ ತಂದು ಬಿಚ್ಚಿದ. ಅದು ಅವಳ ನಕ್ಷೆಯೇ. ಅವಳದೇ ಗೆರೆ, ಅವಳದೇ ಅಕ್ಷರದ ಗಾತ್ರ. ಆದರೆ ಮನೆಯ ಹಾಲ್‌ನಿಂದ ಕೋಣೆಗೆ ಬರುವ ಬಾಗಿಲು ಮಾಯವಾಗಿತ್ತು. ಧೂಳು ಒಳಗೆ ಬರದಿರಲೆಂದು ಕೊನೆಗೆ ಗೋಡೆ ಒಡೆದು ಇಡೋಣ ಎಂದು ಬಿಟ್ಟ ಬಾಗಿಲದು. ತಗ್ಗಿನ ಕಿಟಕಿಯ ಜಾಗದಲ್ಲಿ ರಸ್ತೆಗೆ ತೆರೆಯುವ ಗಾಜಿನ ಬಾಗಿಲಿತ್ತು. ಅಲ್ಲಿ ಗೋಡೆ ಕಟ್ಟದೆ ಬಿಟ್ಟಿದ್ದನ್ನು ದಿನವೂ ನೋಡಿದ್ದಳು. ಸಾಮಾನು ಸಾಗಿಸಲು ಬಿಟ್ಟ ಕಂಡಿ ಎಂದುಕೊಂಡಿದ್ದಳು. ಗೋಡೆ ಇನ್ನೂ ಏಳದ ಬಚ್ಚಲು ಅರ್ಧವಾಗಿತ್ತು. ಕೋಣೆಯ ನಡುವೆ, ಎರಡು ಪೈಪುಗಳ ಮೇಲೆ, ಉದ್ದನೆಯ ಒರಗು ಕುರ್ಚಿಯೊಂದರ ಚಿತ್ರ.

ಅಂಥ ಕುರ್ಚಿಯನ್ನು ಅವಳು ಮೂರು ಸಲ ಬರೆದಿದ್ದಳು. ಮೂರೂ ಹಲ್ಲಿನ ಡಾಕ್ಟರರ ಕ್ಲಿನಿಕ್ಕುಗಳು. ನೆಲದ ನಡುವಿನಿಂದ ನೀರು ಬಂದು ನೆಲದ ನಡುವಿಗೇ ಹೋಗಬೇಕಾದದ್ದು ಅವರಿಗೆ ಮಾತ್ರ. ನಾದಿನಿಯ ಮಗ ಹೋದ ವರ್ಷವಷ್ಟೇ ಹಲ್ಲಿನ ಡಾಕ್ಟರಾಗಿ ಹೊರಬಂದಿದ್ದ.

ಹಾಳೆಯ ಬಲ ಮೂಲೆಯಲ್ಲಿ ಪುಟ್ಟ ಚೌಕವಿರುತ್ತದೆ. ಯಾವ ತಾರೀಖು, ಎಷ್ಟನೇ ತಿದ್ದುಪಡಿ, ಬರೆದವರು ಯಾರು. ತಾರೀಖು ಮೂರು ವಾರದ ಹಿಂದಿನ ಭಾನುವಾರದ್ದು. ಬರೆದವರು ಎಂಬಲ್ಲಿ ಅವಳ ಹೆಸರಿನ ಮೊದಲಕ್ಷರಗಳಿದ್ದವು.

"ಏನಾಯ್ತು ಅಕ್ಕ? ತಪ್ಪಾಗಿದ್ಯಾ?" ಮೇಸ್ತ್ರಿ ಗಾಬರಿಯಾದ. "ಯಜಮಾನ್ರೇ ತಂದು ಕೊಟ್ಟಿದ್ದು. ಹಳೇದು ಹರಿದು ಹಾಕು ಅಂದ್ರು."

"ಇಲ್ಲ. ಸರಿಯಾಗೇ ಹಾಕಿದ್ದೀರಿ," ಎಂದಳು.

*

ಆಫೀಸಿನಲ್ಲಿ ಸಾರ್ ಮೇಜಿನ ಮೇಲೆ ಚಹಾ ಆರುತ್ತಿತ್ತು. ಅವಳು ಹಾಳೆಯನ್ನು ಅದರ ಪಕ್ಕಕ್ಕಿಟ್ಟಳು.

"ನಮ್ಮನೆ ಡ್ರಾಯಿಂಗ್‌ನ ನೀವು ತಿದ್ದಿದ್ರಾ ಸಾರ್?"

ಸಾರ್ ಕನ್ನಡಕ ತೆಗೆದು ಒರೆಸಿದರು. "ನಿಮ್ಮ ಯಜಮಾನರು ಬಂದಿದ್ರಮ್ಮ. ಭಾನುವಾರ. ಅರ್ಜೆಂಟು ಅಂದ್ರು."

"ನನಗೆ ಹೇಳಲಿಲ್ಲ."

"ಅವರೇ ಹೇಳ್ತೀನಿ ಅಂದ್ರು. ಗಂಡ ಹೆಂಡತಿ ಮಧ್ಯೆ ನಾನ್ಯಾಕೆ ಬಾಯಿ ಹಾಕಲಿ?"

"ಮೂರು ವಾರದಿಂದ ದಿನಾ ನಿಮ್ಮೆದುರಿಗೇ ಕೂತಿದ್ದೀನಿ. ಹೋದ ವಾರ ಅಮ್ಮನ ಬಚ್ಚಲಲ್ಲಿ ಸೋಪಿನ ಗೂಡು ಎಷ್ಟೆತ್ತರ ಇಡಲಿ ಅಂತ ನಿಮ್ಮನ್ನೇ ಕೇಳಿದೆ. ಎರಡೂವರೆ ಅಡಿ ಅಂದ್ರಿ."

ಸಾರ್ ಚಹಾದ ಲೋಟ ಎತ್ತಿಕೊಂಡರು.

"ಇಲ್ಲದ ಬಚ್ಚಲಿಗೆ ಎರಡೂವರೆ ಅಡಿ ಅಂದ್ರಿ ಸಾರ್."

"ನೋಡಮ್ಮ, ಮನೆ ನಿಮ್ಮತ್ತೆ ಹೆಸರಲ್ಲಿದೆ. ಕ್ಲೈಂಟ್ ಅಂದ್ರೆ ಅವರೇ. ಕ್ಲೈಂಟ್ ಹೇಳಿದ ಹಾಗೆ ನಾವು ಮಾಡ್ಬೇಕು. ಇದನ್ನ ನಿನಗೆ ನಾನು ಹೊಸದಾಗಿ ಹೇಳ್ಬೇಕಾ?"

"ಹೆಸರು ಮಾತ್ರ ನಂದೇ ಬಿಟ್ಟಿದ್ದೀರಿ."

"ಎಲ್ಲಿ?" ಹಾಳೆಯನ್ನು ಮುಖದ ಹತ್ತಿರ ತಂದು ನೋಡಿ ಸಾರ್ ನಕ್ಕೇಬಿಟ್ಟರು. "ಅಯ್ಯೋ, ಆ ಡಬ್ಬಿ ಬದಲಾಯಿಸೋದು ನನಗೆಲ್ಲಿ ಬರುತ್ತೆ? ಯಾವಾಗ್ಲೂ ನೀನೇ ಅಲ್ವಾ ಮಾಡೋದು! ಅಷ್ಟು ಗೆರೆ ಎಳೆಯೋಕೇ ನನಗೆ ಇಡೀ ಭಾನುವಾರ ಹಿಡೀತು."

ಅವರು ಆ ನಗುವಿನಲ್ಲಿ ಅವಳೂ ಸೇರುತ್ತಾಳೆಂದು ಕಾದರು. ಅವಳು ಸೇರಲಿಲ್ಲ.

"ನಿಮ್ಮ ಮನೆ ಅಂತ ಒಂದು ಕಾಸು ಫೀಸು ಮುಟ್ಟಿಲ್ಲ ನಾನು, ಅದು ನೆನಪಿರಲಿ," ಎಂದರು ಕೊನೆಗೆ, ಬೇಸರದಿಂದ.

"ಅದಕ್ಕೇ ಇರಬೇಕು ಸಾರ್. ಫೀಸು ಕೊಟ್ಟಿದ್ರೆ ನನ್ನನ್ನೂ ಒಂದು ಮಾತು ಕೇಳ್ತಿದ್ರೇನೋ."

ಆ ದಿನ ಅವಳು ಯಾರದೋ ಮಾಳಿಗೆ ಮನೆಯ ಮೆಟ್ಟಿಲುಗಳನ್ನು ಬರೆದಳು. ಹದಿನೇಳು ಮೆಟ್ಟಿಲು. ಎರಡು ಸಲ ಎಣಿಕೆ ತಪ್ಪಿತು.

*

ಊಟಕ್ಕೆ ಎಲ್ಲರಿಗೂ ಬಡಿಸಿ ತಾನೂ ಕೂತಳು. ಅನ್ನ, ಬೇಳೆ, ಹುರಿದ ಬದನೆಕಾಯಿ. ಬಸ್ ನಿಲ್ದಾಣದ ಬುಕಿಂಗ್ ಕೌಂಟರಿನಲ್ಲಿ ಎಂಟು ಗಂಟೆ ಟಿಕೆಟ್ ಹರಿದು ಬಂದ ಗಂಡನಿಗೆ ಆ ಹೊತ್ತಿನಲ್ಲಿ ಯಾರ ಪ್ರಶ್ನೆಯೂ ಬೇಡ. ಮಗಳು ತಟ್ಟೆಯ ಪಕ್ಕ ಫೋನಿಟ್ಟುಕೊಂಡಿದ್ದಳು.

"ಕ್ಲಿನಿಕ್ ಯಾವಾಗ ಶುರು?" ಎಂದು ಕೇಳಿದಳು, ಬೇಳೆಯ ಸೌಟನ್ನು ಗಂಡನ ತಟ್ಟೆಯ ಮೇಲೆ ಹಿಡಿದೇ.

ಗಂಡನ ಕೈ ನಿಂತಿತು. ಅತ್ತೆ ಬದನೆಕಾಯಿಯ ತೊಟ್ಟು ಬಿಡಿಸುವುದರಲ್ಲಿ ಮುಳುಗಿದರು.

"ಹೇಳೋಣ ಅಂತಲೇ ಇದ್ದೆ," ಎಂದ ಗಂಡ.

"ಯಾವಾಗ? ಬೋರ್ಡು ಹಾಕಿದ ಮೇಲಾ?"

"ತಾರಸಿ ಮೋಲ್ಡ್ ಆಗ್ಲಿ ಅಂತಿದ್ದೆ. ಮೊದಲೇ ಹೇಳಿದ್ರೆ ನೀನು ಒಪ್ತಿದ್ಯಾ?"

"ಒಪ್ಪಲ್ಲ ಅಂತ ಗೊತ್ತಿದ್ದೇ ನನ್ನ ಕಿವಿ ಮೇಲೆ ಹೂ ಇಟ್ರಾ?"

"ದನಿ ಸ್ವಲ್ಪ ತಗ್ಗಿಸು. ಕೂತು ಯೋಚನೆ ಮಾಡು. ಎರಡು ವರ್ಷಕ್ಕೆ ನನ್ನ ನೌಕರಿ ಮುಗಿಯುತ್ತೆ. ಅವನು ತಿಂಗಳು ತಿಂಗಳು ಬಾಡಿಗೆ ಕೊಡ್ತಾನೆ. ಬೇರೆ ಕಡೆ ಜಾಗ ಹಿಡಿಯೋ ಶಕ್ತಿ ಅವನಿಗೂ ಇಲ್ಲ, ನನ್ನ ತಂಗಿಗೂ ಇಲ್ಲ."

"ಸಾಲದ ಕಂತು ನನ್ನ ಸಂಬಳದಲ್ಲಿ ಹೋಗ್ತಿದೆ. ಅಮ್ಮನಿಗೆ ಕೋಣೆ ಅಂತ ಹೇಳಿ ನನ್ನ ಸಹಿ ಹಾಕಿಸ್ಕೊಂಡ್ರಿ."

ಈಗ ಅತ್ತೆ ತಲೆಯೆತ್ತಿದರು. "ನಿಮ್ಮಮ್ಮ ಬರಬಾರದು ಅಂತ ಯಾರು ಅಂದ್ರಮ್ಮ? ಬರಲಿ. ಹಾಲ್‌ನಲ್ಲಿ ದಿವಾನ ಇದೆ. ನನಗೂ ಮಾತಿಗೊಬ್ಬರು ಆಗ್ತಾರೆ."

"ಅಮ್ಮ ಬಚ್ಚಲಿಗೆ ಹೋಗಬೇಕಾದ್ರೆ ಮೂರು ಮೆಟ್ಟಿಲು ಇಳೀಬೇಕು ಅತ್ತೆ. ಅವರ ಕೈಲಿ ಒಂದೂ ಆಗಲ್ಲ."

"ಯಾರಾದ್ರೂ ಹಿಡ್ಕೊಂಡ್ರಾಯ್ತು."

"ಯಾರು ಹಿಡ್ಕೋತಾರೆ? ನಾನು ಆಫೀಸಿಗೆ ಹೋಗಿರ್ತೀನಿ."

"ನೋಡು," ಎಂದ ಗಂಡ, ಬುಕಿಂಗ್ ಕೌಂಟರಿನಲ್ಲಿ ಸಾಲು ಮುರಿದವರಿಗೆ ಹೇಳುವ ದನಿಯಲ್ಲಿ. "ಕ್ಲಿನಿಕ್ ಅಂದ್ರೆ ಮೂವತ್ತು ವರ್ಷದ ಮಾತು. ನಿಮ್ಮಮ್ಮ ಅಂದ್ರೆ…"

ಅಲ್ಲಿಗೆ ನಿಲ್ಲಿಸಿದ. ಫೋನಿನ ಮೇಲಿದ್ದ ಮಗಳ ಬೆರಳೂ ನಿಂತಿತು.

"ಹೇಳಿ. ನಮ್ಮಮ್ಮ ಅಂದ್ರೆ ಎಷ್ಟು ವರ್ಷದ ಮಾತು?"

"ನಾನು ಹಾಗಂದೆನಾ? ನೀನೇ ನನ್ನ ಬಾಯಿಗೆ ಮಾತು ತುರುಕಬೇಡ."

"ಅನ್ನ ತಣ್ಣಗಾಗ್ತಿದೆ, ತಿನ್ನಿ ಎಲ್ಲ," ಎಂದರು ಅತ್ತೆ. "ಡಾಕ್ಟ್ರು ಮನೇಲೇ ಇದ್ರೆ ಒಳ್ಳೇದಲ್ವಾ? ಕಾಲಕ್ಕೆ ನಿಮ್ಮಮ್ಮಂಗೂ ಹಲ್ಲು ಕಟ್ಟಿಸಿಕೊಡ್ತಾನೆ, ಪುಕ್ಕಟೆಯಾಗಿ."

ಆ ಮಾತಿಗೆ ಬೇರೆ ದಿನವಾಗಿದ್ದರೆ ಅವಳೇ ನಗುತ್ತಿದ್ದಳು.

ಪಾತ್ರೆ ತಿಕ್ಕುವಾಗ ಮಗಳು ಅಡುಗೆಮನೆಗೆ ಬಂದು ಫ್ರಿಜ್ಜಿಗೆ ಒರಗಿ ನಿಂತಳು. ಒರೆಸುವ ಬಟ್ಟೆ ತೆಗೆದುಕೊಂಡು ಒಂದು ತಟ್ಟೆಯನ್ನೇ ಒರೆಸಿದಳು, ಒರೆಸಿದಳು.

"ಅಮ್ಮ, ನನ್ನ ಮೇಲೂ ಸಿಟ್ಟಾ?"

"ನಿನ್ನ ಮೇಲೆ ಯಾಕೆ?"

ಮಗಳು ಅದೇ ತಟ್ಟೆಯನ್ನು ತಿರುಗಿಸಿ ಮತ್ತೆ ಒರೆಸತೊಡಗಿದಳು. ಅಷ್ಟರಿಂದಲೇ ಅವಳಿಗೆ ತಿಳಿಯಿತು. ನಲ್ಲಿ ನಿಲ್ಲಿಸಿದಳು.

"ನಿನಗೆ ಯಾವಾಗ ಗೊತ್ತಾಯ್ತು?"

"ಅಪ್ಪ ಹೇಳಬೇಡ ಅಂದ್ರು. ನೀನು ಗಲಾಟೆ ಮಾಡಿದ್ರೆ ಕೆಲಸ ಪೂರ್ತಿ ನಿಲ್ಲುತ್ತೆ, ನನ್ನ ರೂಮೂ ಆಗಲ್ಲ ಅಂದ್ರು."

"ಯಾವಾಗ ಅಂತ ಕೇಳಿದೆ."

"ಟೈಲ್ಸ್ ನೋಡೋಕೆ ಹೋದ್ವಲ್ಲ. ಅದಕ್ಕಿಂತ ಮುಂಚೆ."

ಟೈಲ್ಸ್ ಅಂಗಡಿಗೆ ಅವರಿಬ್ಬರೇ ಹೋಗಿದ್ದರು. ಅಜ್ಜಿ ಜಾರಬಾರದೆಂದು ಮಗಳೇ ಒಂದೊಂದೇ ಟೈಲನ್ನು ನೆಲಕ್ಕಿಟ್ಟು, ಬಾಟಲಿಯ ನೀರು ಸುರಿದು, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತು ಜಾರಿ ನೋಡಿದ್ದಳು. ಅಂಗಡಿಯವನು ನಕ್ಕಿದ್ದ. "ಇದು ಅಜ್ಜಿಗೆ ಪಾಸು," ಎಂದು ಬೂದು ಬಣ್ಣದ್ದನ್ನು ಆರಿಸಿದ್ದೂ ಮಗಳೇ. ಅವಳು ಆ ಸಂಜೆ ಹೊಟ್ಟೆ ತುಂಬಿದವಳಂತೆ ಮನೆಗೆ ಬಂದಿದ್ದಳು.

"ಎಲ್ಲ ಗೊತ್ತಿದ್ದೂ ನೀರು ಸುರಿದು ನೋಡಿದ್ಯಾ?"

"ಏನು ಮಾಡ್ಲಿ ಅಮ್ಮ? ನೀನು ಅಷ್ಟು ಖುಷಿಯಾಗಿದ್ದೆ."

"ಆ ತಟ್ಟೆ ಒಣಗಿದೆ," ಎಂದಳು. "ಇಡು."

*

ಶನಿವಾರ ಮಧ್ಯಾಹ್ನ ಎಂದಿನಂತೆ ತಮ್ಮನ ಮನೆಯ ಮೆಟ್ಟಿಲು ಹತ್ತಿದಳು. ಅಮ್ಮ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಹೊರಗೆ ಕಾಣುತ್ತಿದ್ದದ್ದು ಎದುರು ಕಟ್ಟಡದ ನೀರಿನ ಟ್ಯಾಂಕು ಮಾತ್ರ.

"ಬಾ. ಈ ಕಾಗೆಗಳಿಗೆಲ್ಲ ಹೇಳಿಬಿಟ್ಟಿದ್ದೀನಿ, ಇನ್ನೆರಡು ತಿಂಗಳಷ್ಟೇ ನಮ್ಮ ಸ್ನೇಹ, ನಾನು ಕೆಳಗಿನವರ ಜೊತೆ ಸೇರ್ಕೋತೀನಿ ಅಂತ. ಎಲ್ಲಿಗೆ ಬಂತು ಗೋಡೆ?"

"ಬಾಗಿಲ ಮಟ್ಟ ದಾಟಿದೆ ಅಮ್ಮ."

"ಕಿಟಕಿ?"

ಅವಳು ಅಮ್ಮನ ಉಗುರು ಕತ್ತರಿಸಲು ಕೂತಿದ್ದಳು. ಕಾಲಿನ ಕಿರುಬೆರಳಿನ ಉಗುರು ಗಟ್ಟಿ, ನೀರಿನಲ್ಲಿ ನೆನೆಸಿದ ಮೇಲೂ ಜಾಗರೂಕತೆ ಬೇಕು.

"ನಿಧಾನ ಆಗ್ತಿದೆ," ಎಂದಳು. "ಕಿಟಕಿ ಕೊನೇಲಿ."

"ಅವಸರ ಮಾಡಬೇಡ. ನಿಮ್ಮತ್ತೆಗೆ ನಾನು ಬರೋದು ಇಷ್ಟ ತಾನೆ? ಒಬ್ಬರ ಮನೇಲಿ ಭಾರ ಆಗಿ ಕೂರೋಕೆ ನನಗೆ ಮನಸ್ಸಿಲ್ಲಮ್ಮ."

"ಮಾತಿಗೊಬ್ಬರು ಆಗ್ತಾರೆ ಅಂದ್ರು," ಎಂದಳು. ಅದು ಸುಳ್ಳಲ್ಲ.

ಹೊರಡುವಾಗ ತಮ್ಮ ಕೆಳಗಿನವರೆಗೆ ಬಂದ. ಗೇಟಿನ ಹತ್ತಿರ ಜೇಬಿನಿಂದ ಬಣ್ಣದ ಕಾಗದವೊಂದನ್ನು ತೆಗೆದ. ಹಸಿರು ಹುಲ್ಲು, ಬೆಂಚು, ನಗುವ ಮುದುಕರು.

"ಭಾವ ಫೋನ್ ಮಾಡಿದ್ರು ಅಕ್ಕ. ಕೋಣೆ ವಿಷಯ ಹೇಳಿದ್ರು. ಈ ಜಾಗ ನೋಡು ಅಂತ ಅವರೇ ನಂಬರ್ ಕೊಟ್ರು. ನಾನು ಹೋಗಿ ನೋಡಿ ಬಂದೆ. ಅಷ್ಟೇನೂ ಕೆಟ್ಟದಾಗಿಲ್ಲ. ಒಂದು ರೂಮಿಗೆ ಆರು ಜನ."

"ಭಾವ ಯಾವಾಗ ಫೋನ್ ಮಾಡಿದ್ದು?"

"ಒಂದು ಹದಿನೈದು ದಿನ ಆಯ್ತೇನೋ. ನಿನಗೆ ಬೇಜಾರಾಗುತ್ತೆ, ನೀನಾಗೇ ಹೇಳೋವರೆಗೂ ಸುಮ್ಮನಿರು ಅಂದಿದ್ರು." ಅವಳ ಮುಖ ನೋಡಿ ಅವನು ಕಾಗದ ಮಡಚಿದ. "ನನ್ನ ಕಷ್ಟಾನೂ ಅರ್ಥ ಮಾಡ್ಕೋ. ವರ್ಗ ಆದ ಊರಲ್ಲಿ ನನಗೆ ಕೊಟ್ಟಿರೋದು ಒಂದು ಕೋಣೆ ಕ್ವಾರ್ಟರ್ಸು. ತಾರೀಖು ಹೇಳು ಅಕ್ಕ, ಏನಾದ್ರೂ ಒಂದು ತಾರೀಖು."

"ಹೇಳ್ತೀನಿ."

ಬಸ್ಸಿನಲ್ಲಿ ಜಾಗವಿದ್ದರೂ ನಿಂತೇ ಬಂದಳು. ಪೈಪಿನ ವಿಷಯ ಮೊಟ್ಟಮೊದಲು ತಿಳಿದವಳು ತಾನು ಎಂದುಕೊಂಡಿದ್ದಳು. ಮೇಸ್ತ್ರಿ, ಸಾರ್, ಅತ್ತೆ, ಮಗಳು, ಈಗ ತಮ್ಮ. ಎಲ್ಲರಿಗಿಂತ ಕೊನೆಯವಳು ಅವಳು. ಅವಳ ನಂತರ ಉಳಿದದ್ದು ಅಮ್ಮ ಒಬ್ಬರೇ.

*

ತಾರಸಿ ಹಾಕುವ ದಿನ ಬಂತು. ಜಲ್ಲಿ ಕಲೆಸುವ ಯಂತ್ರದ ಗದ್ದಲದಲ್ಲಿ ಬೀದಿಯವರೆಲ್ಲ ಕೂಗಿ ಮಾತಾಡುವಂತಾಯಿತು. ಅವಳು ರಜೆ ಹಾಕಿ ಇಪ್ಪತ್ತು ಜನಕ್ಕೆ ಎರಡು ಸಲ ಚಹಾ ಮಾಡಿದಳು, ಬ್ರೆಡ್ಡು, ಬೇಯಿಸಿದ ಮೊಟ್ಟೆ ಕೊಟ್ಟಳು. ಮೇಸ್ತ್ರಿ ಮಾತ್ರ ಲೋಟ ತೆಗೆದುಕೊಳ್ಳುವಾಗ ಅವಳ ಮುಖ ನೋಡಲಿಲ್ಲ. ನಕ್ಷೆ ತಿದ್ದಿದ್ದು ಅವಳಿಗೆ ಗೊತ್ತಿಲ್ಲದೆ ಎಂಬುದು ಅವನಿಗೂ ಹೇಗೋ ತಿಳಿದಿತ್ತು.

ಮಧ್ಯಾಹ್ನ ನಾದಿನಿಯ ಮಗ ಬಂದ. ಕೈಯಲ್ಲಿ ಹಣ್ಣಿನ ಚೀಲ, ಕಂಕುಳಲ್ಲಿ ಕುರ್ಚಿಗಳ ಪುಸ್ತಕ. ಅತ್ತೆ ಬಾಗಿಲಲ್ಲೇ ಹಿಡಿದುಕೊಂಡರು. "ಬಂದ ನೋಡು ನಮ್ಮ ಡಾಕ್ಟ್ರು! ಎಷ್ಟು ಸೊರಗಿದ್ದೀಯೋ! ಊರಿನವರ ಹಲ್ಲು ನೋಡ್ತಾ ನೋಡ್ತಾ ನಿನ್ನ ಹಲ್ಲಿಗೆ ಕೆಲಸ ಕೊಡೋದೇ ಮರೆತ್ಯಾ?"

ಅವನು ನಗುತ್ತ ಸೀದಾ ಅಡುಗೆಮನೆಗೆ, ಅವಳ ಹತ್ತಿರ ಬಂದ.

"ಅತ್ತೆ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ."

"ನನಗ್ಯಾಕಪ್ಪ?"

"ಮಾಮ ಎಲ್ಲ ಹೇಳಿದ್ರು. ನಿಮ್ಮಮ್ಮ ಇಲ್ಲಿಗೆ ಬರಲ್ಲ ಅಂದ್ರಂತೆ, ಮಗನ ಜೊತೆ ಹೋಗ್ತೀನಿ ಅಂದ್ರಂತೆ. ಆಗ ನೀವೇ, ಜಾಗ ಸುಮ್ಮನೆ ಯಾಕಿರಬೇಕು, ಹುಡುಗನಿಗೆ ಕೊಡೋಣ ಅಂದ್ರಂತೆ." ಜೇಬಿನಿಂದ ಚಿಕ್ಕದಾಗಿ ಮಡಚಿದ ನಕ್ಷೆ ತೆಗೆದ. "ಬೇಡ ಬೇಡ ಅಂದ್ರೂ ನೀವೇ ಕೂತು ಬರೆದು ಕೊಟ್ಟಿರಿ ಅಂತ. ಇಲ್ಲಿ ನಿಮ್ಮ ಹೆಸರು ನೋಡಿದ್ಮೇಲೇನೇ ನಾನು ಒಪ್ಪಿಕೊಂಡಿದ್ದು ಅತ್ತೆ. ಇಲ್ಲದಿದ್ರೆ ನನಗೆ ಸಂಕೋಚ."

ಅವನ ಬೆರಳು ಆ ಪುಟ್ಟ ಚೌಕದ ಮೇಲಿತ್ತು. ಉಗುರು ಶುಚಿಯಾಗಿ ಕತ್ತರಿಸಿದ್ದ, ಇನ್ನೂ ಎಳೆಯ ಬೆರಳು. ಇವನಿಗೂ ಸುಳ್ಳೇ ಹೇಳಿದ್ದರು.

ಗಂಡ ಬಾಗಿಲಲ್ಲಿ ನಿಂತಿದ್ದ. ಅವನ ಕಣ್ಣು ಅವಳ ಬಾಯಿಯ ಮೇಲಿತ್ತು.

ಒಂದು ಮಾತು ಸಾಕಿತ್ತು. ಹುಡುಗ ಒಳ್ಳೆಯವನು, ಅಲ್ಲೇ ಚೀಲ ಎತ್ತಿಕೊಂಡು ಹೊರಡುತ್ತಿದ್ದ. ಆಮೇಲೆ? ಒಳಬಾಗಿಲಿಲ್ಲದ ಕೋಣೆ, ನಡುವೆ ಪೈಪು, ಮೇಲೆ ಹಸಿ ತಾರಸಿ. ಅದನ್ನೆಲ್ಲ ಒಡೆದು ಅಮ್ಮನನ್ನು ತಂದು ಕೂರಿಸಿದರೂ ಈ ಮನೆಯಲ್ಲಿ ಅಮ್ಮನ ತಟ್ಟೆಗೆ ಬೀಳುವ ಒಂದೊಂದು ತುತ್ತಿಗೂ ಕ್ಲಿನಿಕ್ಕಿನ ಲೆಕ್ಕ ಬರುತ್ತದೆ. ತಾನು ಭಾರವೆಂದು ಅಮ್ಮ ಮೂರನೇ ದಿನಕ್ಕೆ ಕಂಡುಹಿಡಿಯುತ್ತಾರೆ.

"ಚಹಾ ಕುಡಿ," ಎಂದಳು. "ಆರಿಹೋಗುತ್ತೆ."

ಆ ರಾತ್ರಿ ಗಂಡ ತನ್ನ ತಟ್ಟೆಯನ್ನು ತಾನೇ ತೊಳೆದಿಟ್ಟ. ಮದುವೆಯಾದ ಇಪ್ಪತ್ತನಾಲ್ಕು ವರ್ಷಗಳಲ್ಲಿ ಮೊದಲ ಸಲ. "ನೀನು ಹೊಟ್ಟೆಗೆ ಹಾಕ್ಕೊಂಡೆ, ಅದು ದೊಡ್ಡತನ," ಎಂದ. "ನಿಮ್ಮಮ್ಮನ ಖರ್ಚಿಗೆ ನಾನೂ ಸ್ವಲ್ಪ ಸೇರಿಸ್ತೀನಿ. ಆ ಜಾಗ ಚೆನ್ನಾಗಿದೆಯಂತೆ. ತೋಟ ಇದೆಯಂತೆ."

ಅವಳು ಮರುದಿನದ ಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದಳು.

*

ಮರುವಾರ ಸಾರ್ ಅವಳನ್ನು ಹಳೆಯ ಮನೆಯೊಂದರ ಅಳತೆಗೆ ಕಳಿಸಿದರು. ಪೈಪಿನ ದಿನದಿಂದ ಸಾರ್ ಅವಳ ಜೊತೆ ತುಸು ಹೆಚ್ಚು ಮೆತ್ತಗೆ ಮಾತಾಡುತ್ತಿದ್ದರು. ಆಟೋಗೆ ಹೋಗು, ಬಸ್ಸು ಬೇಡ ಎಂದರು. ಅವಳು ಬಸ್ಸಿಗೇ ಹೋದಳು.

ಮನೆಯೊಡತಿ ಆಸ್ಪತ್ರೆಯ ಕೆಲಸದಿಂದ ನಿವೃತ್ತಳಾದ ನರ್ಸು, ಗಟ್ಟಿ ಹೆಂಗಸು. ಟೇಪಿನ ಇನ್ನೊಂದು ತುದಿಯನ್ನು ಯಾರೂ ಹೇಳದೆ ತಾನೇ ಹಿಡಿದಳು.

"ಮುಂದಿನ ಎರಡು ಕೋಣೆ ಅಷ್ಟೇ ರಿಪೇರಿ. ಸೂರು ಸೋರುತ್ತೆ," ಎಂದಳು. "ಹಿಂದಿನ ಭಾಗಕ್ಕೆ ಕೈ ಹಾಕೋದು ಬೇಡ. ನಮ್ಮಕ್ಕ ಇದ್ದಳು ಅಲ್ಲಿ. ಗಾಲಿ ಕುರ್ಚಿ ಮೇಲೆ ಒಂಬತ್ತು ವರ್ಷ. ಅವಳು ಹೋಗಿ ಎರಡು ವರ್ಷ ಆಯ್ತು. ಬೀಗ ಹಾಕಿಟ್ಟಿದ್ದೀನಿ."

"ನೋಡಬಹುದಾ?"

"ನಿಮ್ಮ ಕೆಲಸದಲ್ಲಿ ಅದಿಲ್ಲವಲ್ಲ?"

"ಇಲ್ಲ."

ನರ್ಸು ಅವಳನ್ನೊಮ್ಮೆ ನೋಡಿ ಬೀಗದ ಕೈ ತಂದಳು.

ಒಂದೇ ದೊಡ್ಡ ಕೋಣೆ, ಮೂಲೆಯಲ್ಲಿ ಒಬ್ಬರು ನಿಂತು ಬೇಯಿಸುವಷ್ಟು ಅಡುಗೆಯ ಕಟ್ಟೆ. ನೆಲ ಎಲ್ಲ ಒಂದೇ ಮಟ್ಟ. ಬಚ್ಚಲ ಗೋಡೆಗೆ ಹಿಡಿದುಕೊಳ್ಳಲು ಕಬ್ಬಿಣದ ಸರಳು, ಕೈಯಾಡಿ ಆಡಿ ಬಣ್ಣ ಹೋದದ್ದು. ಹಿಂಬಾಗಿಲು ಓಣಿಗೆ. ಓಣಿಯಲ್ಲಿ ಯಾರೋ ಸೈಕಲ್ ತೊಳೆಯುತ್ತಿದ್ದರು, ಒಬ್ಬಳು ಹೆಂಗಸು ತರಕಾರಿಯವನ ಜೊತೆ ಜಗಳಾಡುತ್ತಿದ್ದಳು. ಅಲ್ಲಿಂದ ಆಫೀಸಿಗೆ ನಡೆದು ಹೋದರೆ ಹತ್ತು ನಿಮಿಷ.

ಅವಳು ಟೇಪು ಬಿಚ್ಚಿದಳು. ಉದ್ದ, ಅಗಲ, ಬಾಗಿಲು. ಆಫೀಸಿನ ಅಳತೆ ಪುಸ್ತಕದಲ್ಲಿ ಬರೆಯದೆ, ಬಸ್ ಟಿಕೆಟಿನ ಹಿಂದೆ ಬರೆದುಕೊಂಡಳು.

"ಬಾಡಿಗೆಗೆ ಕೊಡಲ್ವಾ?"

"ಬರೋರೆಲ್ಲ ಗೋಡೌನು ಮಾಡ್ತೀವಿ ಅಂತಾರೆ. ಒಳ್ಳೆ ಜನ ಸಿಕ್ರೆ ಕೊಡ್ತೀನಿ. ಯಾರಾದ್ರೂ ಇದ್ರೆ ಹೇಳಿ."

"ನೋಡ್ತೀನಿ."

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಡೈನಿಂಗ್ ಟೇಬಲನ್ನು ಒರೆಸಿ, ಒಂದು ಬಿಳಿ ಹಾಳೆ ಹರಡಿಕೊಂಡು ಕೂತಳು. ಪಕ್ಕದ ಕೋಣೆಯಲ್ಲಿ ಅತ್ತೆ ಮಲಗಿದ್ದರು. ಮಗಳು ಏಣಿ ಹತ್ತಿ ತನ್ನ ಹೊಸ ಕೋಣೆಗೆ ಎದ್ದಿದ್ದ ಅರೆಗೋಡೆಗಳನ್ನು ನೋಡಲು ಹೋಗಿದ್ದಳು. ಹೊರಗೆ ಹುಡುಗ ಮೇಸ್ತ್ರಿಯ ಜೊತೆ ಗಾಜಿನ ಬಾಗಿಲಿನ ಬಗ್ಗೆ ಮಾತಾಡುತ್ತಿದ್ದ. ಪ್ರತಿಯೊಬ್ಬರೂ ಅವರವರ ಕೋಣೆಯ ಹತ್ತಿರ ಇದ್ದರು.

ಬಸ್ ಟಿಕೆಟಿನ ಹಿಂದಿನ ಅಳತೆ ನೋಡಿ ಪೆನ್ಸಿಲಿನಲ್ಲಿ ನಾಲ್ಕು ಗೋಡೆ ಬರೆದಳು. ಅಡುಗೆಯ ಕಟ್ಟೆ. ಬಚ್ಚಲು. ಹಿಂಬಾಗಿಲ ಹತ್ತಿರ, ಓಣಿಯ ಗದ್ದಲ ಕೇಳುವ ಕಡೆಗೆ, ಅಮ್ಮನ ಮಂಚ. ವಾಕರ್ ತಿರುಗಲು ಜಾಗ ಬಿಟ್ಟಳು. ಇನ್ನೂ ಅರ್ಧ ಕೋಣೆ ಖಾಲಿ ಉಳಿದಿತ್ತು. ಹಗಲು ಅಮ್ಮನನ್ನು ನೋಡಿಕೊಳ್ಳಲು ಯಾರನ್ನು ಇಡುವುದು, ರಾತ್ರಿಗೆ ಯಾರು, ತಾನು ದಿನಕ್ಕೆ ಎಷ್ಟು ಸಲ ಬಂದು ಹೋಗಬಹುದು ಎಂದು ಎರಡು ದಿನದಿಂದ ಲೆಕ್ಕ ಹಾಕುತ್ತಿದ್ದಳು. ಅದು ಯಾವ ಕಡೆಯಿಂದಲೂ ಸರಿಹೋಗುತ್ತಿರಲಿಲ್ಲ. ಖಾಲಿ ಉಳಿದ ಆ ಅರ್ಧವನ್ನು ನೋಡುತ್ತ ಕೂತಾಗ ತಿಳಿಯಿತು, ಲೆಕ್ಕ ತಪ್ಪುತ್ತಿದ್ದದ್ದು ತಾನು ದಿನವೂ ಈ ಮನೆಗೇ ಹಿಂತಿರುಗಿ ಬರುತ್ತೇನೆ ಎಂದಿಟ್ಟುಕೊಂಡದ್ದರಿಂದ.

ಗಂಡ ನೀರು ಕುಡಿಯಲು ಬಂದು ಅವಳ ಭುಜದ ಮೇಲಿಂದ ಬಗ್ಗಿ ನೋಡಿದ.

"ಭಾನುವಾರವೂ ಕೆಲಸಾನಾ? ಯಾರ ಮನೆ?"

"ಹೊಸಬರದ್ದು."

"ತೀರಾ ಚಿಕ್ಕದು. ಎಷ್ಟು ಜನ ಇರೋದು?"

"ಇಬ್ಬರು."

"ಹಾಗಾದ್ರೆ ಸಾಕು ಬಿಡು," ಎಂದ. ಲೋಟವನ್ನು ಅಲ್ಲೇ ಹಾಳೆಯ ಅಂಚಿನ ಮೇಲಿಟ್ಟು, ಗಾಜಿನ ಬಾಗಿಲು ನೋಡಲು ಹೊರಗೆ ಹೋದ.

ಅವಳು ಲೋಟವನ್ನು ಪಕ್ಕಕ್ಕೆ ಸರಿಸಿದಳು. ಅಮ್ಮ ಕೂಗಿದರೆ ಕೇಳುವಷ್ಟು ಹತ್ತಿರ, ಮಂಚದಿಂದ ಮೂರಡಿ ಬಿಟ್ಟು, ಇನ್ನೊಂದು ಮಂಚ ಬರೆದಳು.